ಕಾಯಿಲೆಯ ಕೋಳಿಗೆ ಮನೆಯಲ್ಲೇ ಆರೈಕೆ

ಕೋಲಾರ ತಾಲ್ಲೂಕಿನ ನರಸಾಪುರವು ಬೆಂಗಳೂರು–ಕೋಲಾರ ಹೆದ್ದಾರಿಗೆ ಹೊಂದಿಕೊಂಡ ಊರು. ಮೊಟ್ಟೆ ಫಾರಂಗಳಲ್ಲಿ ಸುಮಾರು ೭೨ರಿಂದ ೮೦ ವಾರ ತುಂಬಿದ ಕೋಳಿಗಳನ್ನು ಮಾಂಸಕ್ಕಾಗಿ ಲಾರಿಗಳಲ್ಲಿ ಸಾಗಿಸುವುದು ಎಲ್ಲೆಡೆ ವಾಡಿಕೆ. ಇಂಥ ಲಾರಿಯಿಂದ ಬಿದ್ದ ಕೋಳಿಯನ್ನು ಕನಿಕರದಿಂದ ಎತ್ತಿ ತರುವವರಿದ್ದಾರೆ; ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಸೊರಗಿದ ಕೋಳಿಯನ್ನು ಕೊಳ್ಳುವವರೂ ಇದ್ದಾರೆ. ಅದನ್ನು ಬದುಕಿಸುವುದು ಒಳ್ಳೆಯ ಕೆಲಸವೇ. ಆದರೆ ಹಿತ್ತಲಿನ ಹತ್ತಾರು ನಾಟಿ ಕೋಳಿಗಳು ಮನೆಯ ಹೆಣ್ಣುಮಕ್ಕಳ ಕೈಗಾಸು. ಒಂದನ್ನು ಉಳಿಸಲು ಹೋಗಿ ಹತ್ತನ್ನು ಕಳೆದುಕೊಳ್ಳಬಾರದು.

ಮೊದಲು ಬೇರ್ಪಡಿಸಿ

ಹೊರಗಿನಿಂದ ಬಂದ ಕೋಳಿಯನ್ನು, ಅದು ಗೆಲುವಾಗಿ ಕಂಡರೂ, ಕನಿಷ್ಠ ೨೧ ದಿನ ಮನೆಯ ಕೋಳಿಗಳಿಂದ ದೂರವಿಡಬೇಕು. ದನದ ಕೊಟ್ಟಿಗೆಯ ಮೂಲೆಯಾದರೂ ಸರಿಯೆ, ಬೇರೆ ಕೋಳಿಗಳು ಅಲ್ಲಿ ಸುಳಿಯಬಾರದು. ನೆಲಕ್ಕೆ ಒಣ ಹುಲ್ಲು ಅಥವಾ ಹೊಟ್ಟು ಹರಡಿ ಮಂಕರಿ ಕವುಚಬಹುದು. ನೀರು, ಮೇವಿನ ಬಟ್ಟಲುಗಳು ಬೇರೆಯೇ ಇರಲಿ. ಪ್ರತಿದಿನ ಆರೋಗ್ಯವಂತ ಕೋಳಿಗಳ ಕೆಲಸ ಮುಗಿಸಿ, ಕೊನೆಗೆ ಕಾಯಿಲೆಯ ಕೋಳಿಯನ್ನು ನೋಡಬೇಕು. ಅನಂತರ ಕೈಕಾಲುಗಳನ್ನು ಸೋಪಿನಿಂದ ತೊಳೆಯುವುದು ಅಗತ್ಯ.

ಶಾಖ, ನೀರು, ಆಹಾರ

ಕೋಳಿಯ ದೇಹದ ಶಾಖ ಸಾಮಾನ್ಯವಾಗಿ ೪೧ರಿಂದ ೪೨ ಡಿಗ್ರಿ ಸೆಲ್ಸಿಯಸ್. ಕಾಯಿಲೆ ಬಿದ್ದ ಕೋಳಿ ಗರಿ ಕೆದರಿ ಮುದುರಿ ಕೂರುವುದು ಶಾಖ ಉಳಿಸಿಕೊಳ್ಳಲಿಕ್ಕೆ. ಆದ್ದರಿಂದ ಗಾಳಿ ಬೀಸುವ ಕಡೆಗೆ ಗೋಣಿತಾಟು ಕಟ್ಟಬೇಕು. ಮಾಗಿಯ ಚಳಿಯಲ್ಲಿ ೬೦ ವಾಟಿನ ಹಳೆಯ ಬಗೆಯ ಬಲ್ಬನ್ನು ಒಂದು ಪಕ್ಕದಲ್ಲಿ, ಹುಲ್ಲು ಮತ್ತು ಗೋಣಿಗೆ ತಾಗದಂತೆ ತೂಗುಹಾಕಬಹುದು. ಎಲ್.ಇ.ಡಿ. ಬಲ್ಬಿನಿಂದ ಬೆಳಕು ಬರುತ್ತದೆಯೇ ಹೊರತು ಸಾಕಷ್ಟು ಶಾಖ ಬಾರದು.

ಆಹಾರಕ್ಕಿಂತ ಮೊದಲು ನೀರು. ಒಂದು ಲೀಟರ್ ಶುದ್ಧ ನೀರಿಗೆ ಒಂದು ದೊಡ್ಡ ಚಮಚ ಬೆಲ್ಲ, ಒಂದು ಚಿಟಿಕೆ ಉಪ್ಪು ಬೆರೆಸಿ ಮೊದಲ ದಿನ ಮಾತ್ರ ಕೊಡಬೇಕು. ಉಪ್ಪು ಹೆಚ್ಚಾದರೆ ಕೋಳಿಗೆ ವಿಷ. ಮರುದಿನದಿಂದ ಬರಿಯ ನೀರು ಸಾಕು. ಬಾಯಿ ತೆರೆದು ನೀರು ಸುರಿಯುವುದು ತಪ್ಪು. ನಾಲಗೆಯ ಹಿಂದೆಯೇ ಶ್ವಾಸನಾಳದ ಬಾಯಿ ಇರುವುದರಿಂದ ನೀರು ಅದರೊಳಗೆ ಇಳಿದು ಕೋಳಿ ಸಾಯಬಹುದು. ಕೊಕ್ಕಿನ ಅಂಚಿಗೆ ಹನಿ ಹನಿಯಾಗಿ ಮುಟ್ಟಿಸಿದರೆ ಅದೇ ನುಂಗುತ್ತದೆ.

ನೀರು ಕುಡಿದ ಮೇಲೆ ರಾಗಿ ಗಂಜಿ, ಮೆತ್ತಗಿನ ಅನ್ನ, ಬೇಯಿಸಿದ ಮೊಟ್ಟೆಯನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಬೆಳಿಗ್ಗೆ ಮೇವಿಗೆ ಮುಂಚೆ ಕತ್ತಿನ ಬುಡದ ಮೇವಿನ ಚೀಲವನ್ನು ಮುಟ್ಟಿ ನೋಡಿ. ಅದು ಬರಿದಾಗಿರಬೇಕು. ಗಟ್ಟಿಯಾಗಿದ್ದರೆ ಅಥವಾ ಬಾಯಿಯಿಂದ ಹುಳಿ ವಾಸನೆ ಬಂದರೆ ಆಹಾರ ನಿಲ್ಲಿಸಿ ಪಶುವೈದ್ಯರಿಗೆ ತೋರಿಸಬೇಕು.

ಫಾರಂ ಕೋಳಿಯ ವಿಶೇಷ

ಪಂಜರದಲ್ಲಿ ಬೆಳೆದ ಕೋಳಿಯ ಕೊಕ್ಕಿನ ತುದಿಯನ್ನು ಸಾಮಾನ್ಯವಾಗಿ ಕತ್ತರಿಸಿರುತ್ತಾರೆ. ಅದು ನೆಲದ ಮೇಲಿನ ಕಾಳನ್ನು ಹೆಕ್ಕಲಾರದು. ಮೇವನ್ನು ಆಳವಾದ ಬಟ್ಟಲಿನಲ್ಲಿ ತುಂಬಿಡಬೇಕು. ಒಂದೊಂದು ಮೊಟ್ಟೆಯ ಚಿಪ್ಪಿಗೂ ಸುಮಾರು ೨ ಗ್ರಾಂ ಸುಣ್ಣದ ಅಂಶ ಬೇಕು. ಒಂದು ವರ್ಷಕ್ಕೂ ಮೇಲ್ಪಟ್ಟು ಮೊಟ್ಟೆಯಿಟ್ಟ ಕೋಳಿಯ ಮೂಳೆ ಸವೆದಿರುವುದರಿಂದ ಕೆಲವು ನಿಲ್ಲಲಾರದೆ ಕುಸಿಯುತ್ತವೆ. ಇವುಗಳಿಗೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಿನಲ್ಲಿಟ್ಟರೆ ಬೇಕಾದಷ್ಟು ತಿನ್ನುತ್ತವೆ. ಎತ್ತುವಾಗ ರೆಕ್ಕೆಯನ್ನಾಗಲಿ ಕಾಲನ್ನಾಗಲಿ ಹಿಡಿಯದೆ ಎರಡು ಕೈಗಳಿಂದ ಮೈಯನ್ನು ಹಿಡಿಯಬೇಕು. ಬಾಲದ ಕೆಳಗಿನ ಗರಿ ಬಿಡಿಸಿ ಹೇನು ಇದೆಯೇ ನೋಡಿ. ಗುಣವಾಗುತ್ತಿರುವ ಕೋಳಿಗೆ ಮರಳು, ಸೋಸಿದ ಬೂದಿ ಬೆರೆಸಿದ ತಟ್ಟೆಯಿಟ್ಟರೆ ತಾನೇ ಹೊರಳಾಡಿ ಮೈ ಕೊಡವುತ್ತದೆ.

ಆರೈಕೆಗೆ ಮೀರಿದ ಲಕ್ಷಣಗಳು

ಹಸಿರು ಮಿಶ್ರಿತ ನೀರು ಹಿಕ್ಕೆ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು, ಕಾಲು ಸೋಲುವುದು — ಇವು ಕೊಕ್ಕರೆ ರೋಗ ಅಥವಾ ರಾಣಿಖೇತ್ ರೋಗದ ಲಕ್ಷಣಗಳು. ೧೯೨೭ರಲ್ಲಿ ಕುಮಾವೂನ್ ಬೆಟ್ಟಗಳ ರಾಣಿಖೇತಿನಲ್ಲಿ ಗುರುತಿಸಿದ್ದರಿಂದ ಈ ಹೆಸರು. ಇದು ವೈರಸ್ ರೋಗ. ಯಾವ ಮಾತ್ರೆಯಿಂದಲೂ ಗುಣವಾಗದು, ಲಸಿಕೆಯೊಂದೇ ರಕ್ಷಣೆ. ಮರಿಗಳಿಗೆ ೫ರಿಂದ ೭ನೆಯ ದಿನ ಕಣ್ಣು ಅಥವಾ ಮೂಗಿಗೆ ಹನಿ ಲಸಿಕೆ, ೮ ವಾರದ ನಂತರ ಚುಚ್ಚುಮದ್ದು ಹಾಕಿಸಬೇಕು. ಲಸಿಕೆಯನ್ನು ಮಂಜುಗಡ್ಡೆಯಲ್ಲಿಟ್ಟೇ ತರಬೇಕು. ಕಾಯಿಲೆಯ ಕೋಳಿಗೆ ಹಾಕಬಾರದು.

ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ ಇರಬಹುದು. ಇದಕ್ಕೆ ಔಷಧವಿದೆ, ಪ್ರಮಾಣವನ್ನು ವೈದ್ಯರೇ ಹೇಳಬೇಕು. ಔಷಧ ಕೊಡುವಾಗ ಮತ್ತು ಅನಂತರ ಅವರು ತಿಳಿಸಿದಷ್ಟು ದಿನ ಮೊಟ್ಟೆ ತಿನ್ನಬಾರದು.

ಜುಟ್ಟು ನೀಲಿಗಟ್ಟಿ, ತಲೆ ಊದಿ, ಕೋಳಿಗಳು ಒಂದರ ಹಿಂದೊಂದು ಸಾಯತೊಡಗಿದರೆ ಹಕ್ಕಿಜ್ವರದ ಶಂಕೆ ಪಡಬೇಕು. ೨೦೨೫ರಲ್ಲಿ ನೆರೆಯ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಈ ರೋಗ ಕಾಣಿಸಿಕೊಂಡಿತ್ತು. ಇದು ಮನುಷ್ಯರಿಗೂ ತಗುಲಬಲ್ಲದು. ಸತ್ತ ಕೋಳಿಗಳನ್ನು ಮುಟ್ಟದೆ, ಕೊಯ್ಯದೆ, ಮಾರದೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಬೇಕು.

ಬೇರೆ ಕಾರಣದಿಂದ ಸತ್ತ ಕೋಳಿಯನ್ನು ಕೆರೆಗೋ ರಸ್ತೆ ಬದಿಗೋ ಎಸೆಯದೆ, ಮೂರು ಅಡಿ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳತಕ್ಕದ್ದು.

ಎರಡು ಮೂರು ದಿನಗಳ ಆರೈಕೆಯಲ್ಲಿ ಕೋಳಿ ತಾನಾಗಿ ಮೇವು ಹೆಕ್ಕತೊಡಗಿದರೆ ಬದುಕುವ ಭರವಸೆ ಹೆಚ್ಚು. ಆದರೂ ೨೧ ದಿನದ ಗಡುವನ್ನು ಮೊಟಕು ಮಾಡಬಾರದು. ಮನೆಯ ಕೋಳಿಗಳಿಗೆ ಸಕಾಲದಲ್ಲಿ ಲಸಿಕೆ ಹಾಕಿಸಿ, ಬಂದ ಕೋಳಿಯನ್ನು ಬೇರೆಯಿಟ್ಟು ಸಾಕಿದರೆ ಎರಡೂ ಉಳಿಯುತ್ತವೆ.