ಆಫ್ ಮಾಡಿದರೂ ಆಫ್ ಆಗದ ಸ್ವಿಚ್

ಮಕ್ಕಳೇ, ನಿಮ್ಮ ಶಾಲೆ ರಾಜಾಜಿನಗರದಲ್ಲಿರಲಿ, ವಿಜಯನಗರದಲ್ಲಿರಲಿ, ಕೆಂಗೇರಿಯಲ್ಲಿರಲಿ, ಹತ್ತಿರದಲ್ಲೊಂದು ಸ್ಕೂಟರ್ ರಿಪೇರಿ ಅಂಗಡಿ ಇದ್ದೇ ಇರುತ್ತದೆ. ಎಷ್ಟು ಕಿಕ್ ಹೊಡೆದರೂ ಚಾಲೂ ಆಗದ ಹಳೆಯ ಸ್ಕೂಟರ್ ಬಂದರೆ ಮೆಕ್ಯಾನಿಕ್ ಮೊದಲು ಏನು ಮಾಡುತ್ತಾರೆ, ಗಮನಿಸಿದ್ದೀರಾ? ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚುತ್ತಾರೆ. ಅದರ ತುದಿಗೆ ಮಸಿ ಹಿಡಿದಿದ್ದರೆ ಉಜ್ಜುತ್ತಾರೆ. ಅನಂತರ ಅದನ್ನು ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಕಿಕ್ ಹೊಡೆಯುತ್ತಾರೆ. ಚಟ್ ಎಂದು ನೀಲಿ ಕಿಡಿ ಹಾರಿದರೆ ಪ್ಲಗ್ ಸರಿಯಿದೆ ಎಂದು ಅವರ ತೀರ್ಮಾನ. (ಇದನ್ನು ನೀವು ಮಾಡಬೇಡಿ. ಆ ಕಿಡಿಯ ಹಿಂದೆ ಸಾವಿರಾರು ವೋಲ್ಟ್ ಇರುತ್ತದೆ.)

ಸ್ಕೂಟರ್ ನಿಂತರೆ ತಳ್ಳಿಕೊಂಡು ಹೋಗಬಹುದು. ಇಂಥದೇ ಎಂಜಿನ್ ಆಕಾಶದಲ್ಲಿ ನಿಂತರೆ?

ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆ ಹೋದರೆ ಜಕ್ಕೂರು ವಿಮಾನ ನಿಲ್ದಾಣ ಸಿಗುತ್ತದೆ. ವಿಮಾನ ಹಾರಿಸುವುದನ್ನು ಕಲಿಸುವ ಸರ್ಕಾರಿ ಶಾಲೆಯೊಂದು 1948ರಲ್ಲಿ ಅಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲೇ ಎಚ್‌ಎಎಲ್ ಸಂಸ್ಥೆ ತಯಾರಿಸಿ 1951ರಲ್ಲಿ ಮೊದಲ ಬಾರಿಗೆ ಹಾರಿಸಿದ ಎಚ್‌ಟಿ-2, 1958ರಲ್ಲಿ ಹಾರಿಸಿದ ಪುಷ್ಪಕ್, ಇವೆಲ್ಲ ಕಲಿಯುವವರಿಗಾಗಿಯೇ ಮಾಡಿದ ಪುಟ್ಟ ವಿಮಾನಗಳು. ದೊಡ್ಡ ವಿಮಾನಗಳ ಜೆಟ್ ಎಂಜಿನ್ ಇವುಗಳಲ್ಲಿಲ್ಲ. ಪೆಟ್ರೋಲ್ ಕುಡಿಯುವ, ಪಿಸ್ಟನ್ ಇರುವ, ಸ್ಪಾರ್ಕ್ ಪ್ಲಗ್ ಬೇಕಾದ ಎಂಜಿನ್ನೇ ಇವುಗಳ ಪ್ರೊಪೆಲರನ್ನು ತಿರುಗಿಸುತ್ತದೆ.

ಕಿಡಿಗೆ ವಿದ್ಯುತ್ ಎಲ್ಲಿಂದ ಬರುತ್ತದೆ? ಬ್ಯಾಟರಿಯಿಂದ ಎಂದು ನೀವು ಹೇಳಬಹುದು. ಈ ವಿಮಾನಗಳಲ್ಲಿ ಹಾಗಲ್ಲ. ಸೈಕಲ್ಲಿನ ಡೈನಮೊ ನೆನಪು ಮಾಡಿಕೊಳ್ಳಿ. ಚಕ್ರ ತಿರುಗಿದರೆ ಅದರೊಳಗಿನ ಕಾಂತ ತಿರುಗುತ್ತದೆ, ತಂತಿಯ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ, ದೀಪ ಉರಿಯುತ್ತದೆ. ವಿಮಾನದ ಎಂಜಿನ್ನಿಗೆ ಅಂಟಿಕೊಂಡಿರುವ ಮ್ಯಾಗ್ನೆಟೊ ಎಂಬ ಡಬ್ಬಿಯೂ ಡೈನಮೊದ ನೆಂಟನೇ. ಅದರಲ್ಲಿ ಎರಡು ಸುರುಳಿಗಳಿವೆ. ಒಂದು ದಪ್ಪ ತಂತಿಯದು, ಸುತ್ತುಗಳು ಕಡಿಮೆ. ಇನ್ನೊಂದು ಕೂದಲಿನಂಥ ತಂತಿಯದು, ಸಾವಿರಾರು ಸುತ್ತು. ಕಾಂತ ತಿರುಗಿದಾಗ ಮೊದಲ ಸುರುಳಿಯಲ್ಲಿ ಪ್ರವಾಹ ಹರಿಯುತ್ತದೆ. ಸರಿಯಾದ ಕ್ಷಣದಲ್ಲಿ ಪಾಯಿಂಟ್ ಎಂಬ ಪುಟ್ಟ ಬಾಗಿಲು ತೆರೆದು ಆ ಪ್ರವಾಹವನ್ನು ಥಟ್ಟನೆ ತುಂಡು ಮಾಡುತ್ತದೆ. ಈ ಹಠಾತ್ ಬದಲಾವಣೆಯಿಂದ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ, ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಬ್ಯಾಟರಿ ಪೂರ್ತಿ ಸತ್ತರೂ ಎಂಜಿನ್ ತಿರುಗುತ್ತಿರುವಷ್ಟು ಹೊತ್ತು ಕಿಡಿ ಬರುತ್ತಲೇ ಇರುತ್ತದೆ.

ಇಷ್ಟು ಸಾಲದೆಂದು ಎರಡು ಮ್ಯಾಗ್ನೆಟೊ ಇಟ್ಟಿರುತ್ತಾರೆ, ಎಡ ಮತ್ತು ಬಲ. ಪ್ರತಿ ಸಿಲಿಂಡರಿಗೂ ಎರಡು ಪ್ಲಗ್, ಒಂದು ಎಡ ಮ್ಯಾಗ್ನೆಟೊಗೆ, ಇನ್ನೊಂದು ಬಲಕ್ಕೆ ಸೇರಿದ್ದು. ಒಂದು ಕೆಟ್ಟರೆ ಇನ್ನೊಂದು ವಿಮಾನವನ್ನು ಇಳಿಸುತ್ತದೆ. ಎರಡೂ ಸರಿಯಿದ್ದಾಗ ಇನ್ನೂ ಒಂದು ಲಾಭವಿದೆ: ಸಿಲಿಂಡರಿನೊಳಗಿನ ಗಾಳಿ-ಪೆಟ್ರೋಲ್ ಮಿಶ್ರಣಕ್ಕೆ ಎರಡು ಕಡೆಯಿಂದ ಬೆಂಕಿ ಹತ್ತಿ ಅದು ಬೇಗ ಉರಿಯುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜಕ್ಕೂರಿನಲ್ಲೂ ಹಾರಿರುವ ಸೆಸ್ನಾ 152 ಎಂಬ ಎರಡು ಸೀಟಿನ ವಿಮಾನವನ್ನೇ ತೆಗೆದುಕೊಳ್ಳೋಣ. ಅದರ ಕೀಲಿಗೆ ಆಫ್, ಬಲ, ಎಡ, ಎರಡೂ, ಸ್ಟಾರ್ಟ್ ಎಂಬ ಐದು ಸ್ಥಾನಗಳಿವೆ. ಹಾರುವ ಮುನ್ನ ಪೈಲಟ್ ನೆಲದ ಮೇಲೆಯೇ ಎಂಜಿನ್ನನ್ನು ನಿಮಿಷಕ್ಕೆ 1,700 ಸುತ್ತಿನ ವೇಗಕ್ಕೆ ತರುತ್ತಾರೆ. ಕೀಲಿಯನ್ನು ‘ಎರಡೂ’ ಸ್ಥಾನದಿಂದ ‘ಬಲ’ಕ್ಕೆ ತಿರುಗಿಸುತ್ತಾರೆ. ಈಗ ಎಡ ಮ್ಯಾಗ್ನೆಟೊ ಸುಮ್ಮನಾಗಬೇಕು. ಬೆಂಕಿ ಒಂದೇ ಕಡೆಯಿಂದ ಹತ್ತುವುದರಿಂದ ಉರಿಯಲು ಹೆಚ್ಚು ಹೊತ್ತು ಬೇಕು, ಆದ್ದರಿಂದ ವೇಗ ಸ್ವಲ್ಪ ಇಳಿಯುತ್ತದೆ. ಮತ್ತೆ ‘ಎರಡೂ’, ಅನಂತರ ‘ಎಡ’. ತಯಾರಕರ ನಿಯಮದಂತೆ ಯಾವ ಕಡೆಯೂ ಇಳಿಕೆ 125 ಸುತ್ತನ್ನು ಮೀರಬಾರದು. ಎರಡು ಇಳಿಕೆಗಳ ನಡುವಿನ ವ್ಯತ್ಯಾಸ 50ನ್ನು ಮೀರಬಾರದು.

ಎಡ ಮ್ಯಾಗ್ನೆಟೊ ಒಂದೇ ಓಡುವಾಗ ವೇಗ 200 ಸುತ್ತು ಇಳಿದು, ಎಂಜಿನ್ ಗಡಗಡ ನಡುಗಿತು ಎನ್ನೋಣ. ಪ್ರಾಯಶಃ ಒಂದು ಸಿಲಿಂಡರಿನಲ್ಲಿ ಕಿಡಿಯೇ ಇಲ್ಲ. ಸಾಮಾನ್ಯ ಅಪರಾಧಿ ಕೊಳಕು ಪ್ಲಗ್. ರಸ್ತೆ ವಾಹನಗಳ ಪೆಟ್ರೋಲಿನಿಂದ ಸೀಸವನ್ನು ನಮ್ಮ ದೇಶದಲ್ಲಿ 2000ದಲ್ಲೇ ತೆಗೆದುಹಾಕಿದರು. ಆದರೆ ಇಂಥ ವಿಮಾನಗಳು ಬಹುಕಾಲದಿಂದ ಬಳಸುವ ಪೆಟ್ರೋಲಿನಲ್ಲಿ ಸೀಸ ಇರುತ್ತದೆ. ಅದು ಪ್ಲಗ್ಗಿನೊಳಗೆ ಸಣ್ಣ ಗುಂಡುಗಳಾಗಿ ಕೂರುತ್ತದೆ. ಕೆಳಗಡೆಯ ಪ್ಲಗ್ಗುಗಳಲ್ಲಿ ಇದು ಹೆಚ್ಚು. ಪೈಲಟ್ ಮಿಶ್ರಣದಲ್ಲಿ ಪೆಟ್ರೋಲನ್ನು ಸ್ವಲ್ಪ ಕಡಿಮೆ ಮಾಡಿ, ವೇಗ ಹೆಚ್ಚಿಸಿ, ಬಿಸಿಗೆ ಕೊಳೆ ಸುಟ್ಟುಹೋಗುತ್ತದೆಯೇ ಎಂದು ನೋಡುತ್ತಾರೆ. ಹೋಗದಿದ್ದರೆ ಹಾರಾಟ ರದ್ದು.

ನಾಲ್ಕು ಸಿಲಿಂಡರುಗಳಲ್ಲಿ ತಪ್ಪಿತಸ್ಥ ಯಾವುದು? ಎಂಟು ಪ್ಲಗ್ಗನ್ನೂ ಬಿಚ್ಚಬೇಕಾಗಿಲ್ಲ. ಎಂಜಿನ್ನನ್ನು ಎಡ ಮ್ಯಾಗ್ನೆಟೊದಲ್ಲೇ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸುತ್ತಾರೆ. ಕೂಡಲೇ ಪ್ರತಿ ಸಿಲಿಂಡರಿನ ಹೊಗೆ ಕೊಳವೆಯ ಉಷ್ಣತೆಯನ್ನು ಅಳೆಯುತ್ತಾರೆ. ಮೂರು ಕೊಳವೆ ಬಿಸಿಯಾಗಿದ್ದು ಒಂದು ತಣ್ಣಗಿದ್ದರೆ, ಬೆಂಕಿ ಹತ್ತದ ಮನೆ ಅದೇ! ಅದು ಮೂರನೆಯ ಸಿಲಿಂಡರ್ ಎನ್ನೋಣ. ತಪ್ಪು ಪ್ಲಗ್ಗಿನದೋ ಅದಕ್ಕೆ ಬರುವ ವೈರಿನದೋ? ಮೂರನೆಯದರ ಪ್ಲಗ್ಗನ್ನು ಒಂದನೆಯದಕ್ಕೂ, ಒಂದನೆಯದರದನ್ನು ಮೂರನೆಯದಕ್ಕೂ ಹಾಕಿ ಮತ್ತೆ ಓಡಿಸುತ್ತಾರೆ. ಈಗ ಒಂದನೆಯದು ತಣ್ಣಗಾದರೆ ರೋಗ ಪ್ಲಗ್ಗಿನ ಜೊತೆ ಹೋಯಿತೆಂದು ಅರ್ಥ. ಮೂರನೆಯದೇ ತಣ್ಣಗಿದ್ದರೆ ವೈರನ್ನೂ ಮ್ಯಾಗ್ನೆಟೊವನ್ನೂ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸುವ ಈ ಕ್ರಮವನ್ನು ನೀವು ತರಗತಿಯ ಪ್ರಯೋಗಗಳಲ್ಲೂ ಬಳಸುತ್ತೀರಿ.

ಅಂದಹಾಗೆ, ಸ್ಕೂಟರ್ ಅಂಗಡಿಯ ಪರೀಕ್ಷೆ ಇಲ್ಲಿ ಸಾಲದು. ಬಯಲು ಗಾಳಿಯಲ್ಲಿ ಚೆನ್ನಾಗಿ ಕಿಡಿ ಕೊಡುವ ಪ್ಲಗ್, ಸಿಲಿಂಡರಿನೊಳಗೆ ಪಿಸ್ಟನ್ ಒತ್ತಿದ ದಟ್ಟ ಗಾಳಿಯಲ್ಲಿ ಸೋಲಬಹುದು. ಅದಕ್ಕೇ ವಿಮಾನದ ಪ್ಲಗ್ಗನ್ನು ಒತ್ತಡದ ಗಾಳಿ ತುಂಬಿದ ಯಂತ್ರದಲ್ಲಿಟ್ಟು ನೋಡುತ್ತಾರೆ.

ಈಗ ಬೇರೊಂದು ಸನ್ನಿವೇಶ. ಕೀಲಿಯನ್ನು ‘ಬಲ’ಕ್ಕೆ ತಿರುಗಿಸಿದರೂ ಎಂಜಿನ್ನಿನ ವೇಗ ಒಂದು ಸುತ್ತೂ ಇಳಿಯಲಿಲ್ಲ. ಇದನ್ನು ತರಗತಿಯಲ್ಲಿ ಕೇಳಿದಾಗಲೆಲ್ಲ ಮಕ್ಕಳು “ಎಂಜಿನ್ ತುಂಬ ಚೆನ್ನಾಗಿದೆ ಸಾರ್!” ಎನ್ನುತ್ತಾರೆ. ಆದರೆ ಮೇಲೆ ಹೇಳಿದ ಎಲ್ಲ ದೋಷಗಳಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ.

ಏಕೆ ಗೊತ್ತೆ? ಮನೆಯ ದೀಪದ ಸ್ವಿಚ್ ಆಫ್ ಮಾಡಿದರೆ ವಿದ್ಯುತ್ತಿನ ದಾರಿ ತುಂಡಾಗುತ್ತದೆ. ಮ್ಯಾಗ್ನೆಟೊ ಸ್ವಿಚ್ ಕೆಲಸ ಮಾಡುವುದು ಇದಕ್ಕೆ ತಿರುಗುಮುರುಗಾಗಿ. ಆಫ್ ಮಾಡಿದಾಗ ಅದು ದಾರಿಯೊಂದನ್ನು ಜೋಡಿಸುತ್ತದೆ. ಮೊದಲ ಸುರುಳಿಯ ಪ್ರವಾಹ ಒಂದು ವೈರಿನ ಮೂಲಕ ಎಂಜಿನ್ನಿನ ಲೋಹಕ್ಕೆ ಹರಿದುಹೋಗುತ್ತದೆ. ಆಗ ಪಾಯಿಂಟ್ ತೆರೆದರೂ ಪ್ರವಾಹ ತುಂಡಾಗುವುದಿಲ್ಲ, ಕಿಡಿ ಹುಟ್ಟುವುದಿಲ್ಲ. ಆ ವೈರು ಎಲ್ಲೋ ಮುರಿದಿದ್ದರೆ? ದೀಪದ ವೈರು ಮುರಿದರೆ ಕತ್ತಲಾಗುತ್ತದೆ, ನಮಗೆ ತಿಳಿಯುತ್ತದೆ. ಈ ವೈರು ಮುರಿದರೆ ಹಾರಾಟದಲ್ಲಿ ಏನೂ ತಿಳಿಯುವುದಿಲ್ಲ. ಕೀಲಿ ‘ಆಫ್’ ಎನ್ನುತ್ತಿದ್ದರೂ ಮ್ಯಾಗ್ನೆಟೊ ಎಚ್ಚರವಾಗಿಯೇ ಇರುತ್ತದೆ. ವಿಮಾನ ನಿಂತ ಮೇಲೆ ಯಾರಾದರೂ ಪ್ರೊಪೆಲರನ್ನು ಸ್ವಲ್ಪ ತಿರುಗಿಸಿದರೂ ಸಾಕು. ಸಿಲಿಂಡರಿನಲ್ಲಿ ಪೆಟ್ರೋಲ್ ಆವಿ ಉಳಿದಿದ್ದರೆ ಎಂಜಿನ್ ಸಿಡಿದೆದ್ದು ಪ್ರೊಪೆಲರ್ ಬೀಸಿಬಿಡಬಹುದು. ಅದರ ಪೆಟ್ಟಿಗೆ ಮನುಷ್ಯ ಉಳಿಯುವುದು ಕಷ್ಟ.

ಪುಷ್ಪಕ್‌ನಂಥ ಹಳೆಯ ವಿಮಾನಗಳ ಪ್ರೊಪೆಲರನ್ನು ಕೈಯಿಂದಲೇ ಬೀಸಿ ಚಾಲೂ ಮಾಡಬೇಕಿತ್ತು. ಬೀಸುವವರು “ಸ್ವಿಚ್ ಆಫ್?” ಎಂದು ಕೂಗಿ ಕೇಳಿ, ಒಳಗಿನಿಂದ ಉತ್ತರ ಬಂದ ಮೇಲಷ್ಟೇ ಕೈಯಿಡುತ್ತಿದ್ದರು. ಉತ್ತರ ಬಂದರೂ ಮೈಯನ್ನು ದೂರವಿಟ್ಟುಕೊಂಡೇ ನಿಲ್ಲುವುದು ರೂಢಿ. ಪೈಲಟ್ ಸುಳ್ಳು ಹೇಳುತ್ತಾರೆಂದಲ್ಲ, ಸ್ವಿಚ್ ಹೇಳಬಹುದು. ಇಂದೂ ಎಂಜಿನ್ನನ್ನು ನಿಲ್ಲಿಸುವುದು ಕೀಲಿಯಿಂದಲ್ಲ, ಪೆಟ್ರೋಲ್ ಬರುವುದನ್ನು ತಡೆದು. ಒಳಗಿದ್ದ ಪೆಟ್ರೋಲ್ ಉರಿದು ಮುಗಿದ ಮೇಲೆ ಕೀಲಿಯನ್ನು ಆಫ್ ಮಾಡುತ್ತಾರೆ.

ಬೆಂಗಳೂರಿನ ಎನ್‌ಎಎಲ್ ರೂಪಿಸಿ 2021ರಲ್ಲಿ ಮೊದಲು ಹಾರಿಸಿದ ‘ಹಂಸ-ಎನ್‌ಜಿ’ಯಲ್ಲಿ ಮ್ಯಾಗ್ನೆಟೊ ಇಲ್ಲ, ಕಿಡಿಯ ಲೆಕ್ಕವನ್ನು ಎಲೆಕ್ಟ್ರಾನಿಕ್ ಮಂಡಲಗಳು ನೋಡಿಕೊಳ್ಳುತ್ತವೆ. ಆದರೆ ಅಲ್ಲೂ ಎರಡು ಜೊತೆ.

ಮಾಡಿ ನೋಡಿ: ಎರಡು ಟಾರ್ಚ್ ಸೆಲ್, ಎರಡು ಟಾರ್ಚ್ ಬಲ್ಬುಗಳನ್ನು ಒಂದೇ ಸಾಲಿನಲ್ಲಿ, ಅಂದರೆ ಸರಣಿಯಲ್ಲಿ, ಜೋಡಿಸಿ. ಎರಡೂ ಬಲ್ಬು ಮಂದವಾಗಿ ಉರಿಯುತ್ತವೆ. ಈಗ ಒಂದು ವೈರಿನ ಎರಡು ತುದಿಗಳನ್ನು ಎರಡನೆಯ ಬಲ್ಬಿನ ಆಚೆ ಈಚೆ ತಾಗಿಸಿ. ಅದು ಆರುತ್ತದೆ, ಮೊದಲನೆಯದು ಪ್ರಕಾಶಮಾನವಾಗುತ್ತದೆ. ದಾರಿ ಜೋಡಿಸಿ ಆರಿಸುವ ಸ್ವಿಚ್ ಇದೇ. ವೈರನ್ನು ನಡುವೆ ಕತ್ತರಿಸಿ ಏನಾಗುತ್ತದೆ ನೋಡಿ. (ಮನೆಯ ಕರೆಂಟಿನಲ್ಲಿ ಖಂಡಿತ ಮಾಡಬಾರದು.)

ಯೋಚಿಸಿ:

1. ಎಂಜಿನ್ ನಿಮಿಷಕ್ಕೆ 2,400 ಸುತ್ತು ತಿರುಗುತ್ತಿದೆ. ಪ್ರತಿ ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಬೆಂಕಿ ಹತ್ತುತ್ತದೆ. ಹಾಗಾದರೆ ಎಂಟು ಪ್ಲಗ್ಗುಗಳಲ್ಲಿ ಸೆಕೆಂಡಿಗೆ ಒಟ್ಟು ಎಷ್ಟು ಕಿಡಿ?

2. ಸೆಸ್ನಾ 152ರ ಪರೀಕ್ಷೆಯಲ್ಲಿ ‘ಬಲ’ದಲ್ಲಿ 60 ಸುತ್ತು, ‘ಎಡ’ದಲ್ಲಿ 120 ಸುತ್ತು ವೇಗ ಇಳಿಯಿತು. ಪೈಲಟ್ ನೀವಾಗಿದ್ದರೆ ಹಾರುತ್ತೀರಾ?