ಹೆಣ್ಣುಮಕ್ಕಳ ಫುಟ್‌ಬಾಲ್ ತಂಡವೊಂದರ ಚರಿತ್ರೆ



ಕಳೆದ ತಿಂಗಳು ನಾವು ಏಳನೇ ತರಗತಿಯ ಹುಡುಗಿಯರು ಶಾಲೆಯ ಚೆಂಡು ತಗೊಂಡು ಫುಟ್‌ಬಾಲ್ ಆಡಲು ಮೈದಾನಕ್ಕೆ ಹೋದೆವು. ಅಲ್ಲಿ ಹುಡುಗರ ಕ್ರಿಕೆಟ್ ನಡೆದಿತ್ತು. "ಇದು ಹುಡುಗ್ಯಾರ ಆಟ ಅಲ್ಲ, ಗೋಡಿ ಕಡೆ ಹೋಗಿ ಹಗ್ಗ ಜಿಗೀರಿ" ಅಂದರು. ನಾವು ಸುಮ್ಮನೆ ಬಂದುಬಿಟ್ಟೆವು. ಆದರೆ ನನ್ನ ತಲೆಯಲ್ಲಿ ಪ್ರಶ್ನೆ ಉಳಿಯಿತು. ಫುಟ್‌ಬಾಲ್ ಖರೇನೇ ಹುಡುಗಿಯರ ಆಟ ಅಲ್ಲವೇ? ಸಮಾಜ ವಿಜ್ಞಾನದ ಗುರುಗಳನ್ನು ಕೇಳಿದೆ. ಅವರು ಇಂಗ್ಲೆಂಡಿನ ಒಂದು ತಂಡದ ಚರಿತ್ರೆ ಹೇಳಿದರು. ಅದನ್ನು ಇಲ್ಲಿ ಪಾಠದ ಹಾಗೆ ಬರೆದಿದ್ದೇನೆ.

ತಂಡ ಹುಟ್ಟಿದ್ದು ಹೇಗೆ?

1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಯಿತು. ಇಂಗ್ಲೆಂಡಿನ ಗಂಡಸರು ಸೈನ್ಯಕ್ಕೆ ಹೋದರು. ಅವರು ಮಾಡುತ್ತಿದ್ದ ಕಾರ್ಖಾನೆ ಕೆಲಸಕ್ಕೆ ಹೆಣ್ಣುಮಕ್ಕಳು ಬಂದರು. ಪ್ರೆಸ್ಟನ್ ಎಂಬ ಊರಲ್ಲಿ ಡಿಕ್ ಕೆರ್ ಎಂಬ ಕಾರ್ಖಾನೆ ಇತ್ತು. ಮೊದಲು ಅಲ್ಲಿ ಟ್ರಾಮ್ ಗಾಡಿಗಳಿಗೆ ಬೇಕಾದ ಸಾಮಾನು ತಯಾರಾಗುತ್ತಿತ್ತು. ಯುದ್ಧದ ಕಾಲಕ್ಕೆ ಮದ್ದುಗುಂಡು ತಯಾರಾಗತೊಡಗಿತು. ಊಟದ ಬಿಡುವಿನಲ್ಲಿ ಹುಡುಗಿಯರು ಕಾರ್ಖಾನೆಯ ಅಂಗಳದಲ್ಲಿ ಚೆಂಡು ಒದೆಯುತ್ತಿದ್ದರು. 1917ರಲ್ಲಿ ಅಲ್ಲಿನ ಹುಡುಗರ ಜೊತೆ ಪಂದ್ಯ ಕಟ್ಟಿ ಗೆದ್ದೇಬಿಟ್ಟರು. ಆಲ್‌ಫ್ರೆಡ್ ಫ್ರಾಂಕ್‌ಲ್ಯಾಂಡ್ ಎಂಬ ಆಫೀಸಿನ ನೌಕರರು ಇವರ ಆಟ ನೋಡಿ ತಂಡಕ್ಕೆ ಪಂದ್ಯಗಳನ್ನು ಗೊತ್ತುಮಾಡಿದರು. ತಂಡದ ಹೆಸರು ಡಿಕ್ ಕೆರ್ ಲೇಡೀಸ್.

ಅದೇ ವರ್ಷ ಕ್ರಿಸ್‌ಮಸ್ ದಿನ ಅವರು ಊರಿನ ದೊಡ್ಡ ಮೈದಾನದಲ್ಲಿ ಇನ್ನೊಂದು ಕಾರ್ಖಾನೆಯ ಹುಡುಗಿಯರ ಮೇಲೆ ಆಡಿ 4–0 ಗೋಲುಗಳಿಂದ ಗೆದ್ದರು. ನೋಡಲು 10,000 ಜನ ಬಂದಿದ್ದರು. ಬಂದ ಹಣವನ್ನು ಗಾಯಗೊಂಡ ಸೈನಿಕರ ಆಸ್ಪತ್ರೆಗೆ ಕೊಟ್ಟರು.

ತಂಡ ಬೆಳೆದದ್ದು

1920ರ ಡಿಸೆಂಬರಿನಲ್ಲಿ ಒಂದು ಪಂದ್ಯವನ್ನು ರಾತ್ರಿ ಆಡಿದರು. ವಿಮಾನ ಹುಡುಕಲು ಸೈನ್ಯದವರು ಬಳಸುವ ದೊಡ್ಡ ದೀಪಗಳನ್ನು ತಂದು ಹಚ್ಚಿದರು. ಕತ್ತಲಲ್ಲಿ ಕಾಣಲಿ ಎಂದು ಚೆಂಡಿಗೆ ಸುಣ್ಣ ಬಳಿದರು. (ನಾವು ಪಂಚಮಿಗೆ ಮನಿಗೆ ಸುಣ್ಣ ಹಚ್ಚುತ್ತೇವಲ್ಲ, ಹಾಗೆ!)

ಅದೇ ತಿಂಗಳ 26ರಂದು ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್ ಮೈದಾನದಲ್ಲಿ ಸೇಂಟ್ ಹೆಲೆನ್ಸ್ ತಂಡದ ಮೇಲೆ ಆಡಿದರು. ಆ ದಿನ ಬಂದವರು 53,000 ಜನ. ಒಳಗೆ ಜಾಗ ಸಿಗದೆ ಸಾವಿರಾರು ಜನ ಹೊರಗೆ ನಿಂತಿದ್ದರು. ಲೆಕ್ಕ ಹಾಕಿ ನೋಡಿರಿ. ನಮ್ಮ ಗಜೇಂದ್ರಗಡದ ಸಣ್ಣವರು ದೊಡ್ಡವರು ಎಲ್ಲರೂ ಹೋಗಿ ಕುಂತರೂ ಆ ಮೈದಾನ ತುಂಬುತ್ತಿರಲಿಲ್ಲ. ಆ ಒಂದೇ ಪಂದ್ಯದಿಂದ 3,115 ಪೌಂಡ್ ಕೂಡಿತು.

ಈ ತಂಡದಲ್ಲಿ ಲಿಲಿ ಪಾರ್ ಎಂಬ ಹುಡುಗಿ ಇದ್ದಳು. ಹುಟ್ಟಿದ್ದು 1905ರಲ್ಲಿ. ಸುಮಾರು 15 ವರ್ಷದವಳಿದ್ದಾಗ, ಅಂದರೆ ನನಗಿಂತ ಎರಡೇ ವರ್ಷ ದೊಡ್ಡವಳಿದ್ದಾಗ ತಂಡ ಸೇರಿದಳು. ಎಡಗಾಲಿನಿಂದ ಬಲವಾಗಿ ಒದೆಯುತ್ತಿದ್ದಳು. 1951ರವರೆಗೂ ಆಡಿದಳು.

ಮೈದಾನ ಕಸಿದುಕೊಂಡದ್ದು

1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯವರು ಸಭೆ ಸೇರಿ ಒಂದು ನಿರ್ಣಯ ಮಾಡಿದರು. ಈ ಆಟ ಹೆಂಗಸರಿಗೆ ತಕ್ಕದ್ದಲ್ಲ, ಕೂಡಿದ ಹಣದಲ್ಲಿ ಖರ್ಚೇ ಜಾಸ್ತಿ ಆಗಿದೆ, ಆದ್ದರಿಂದ ನಮ್ಮ ಸಂಸ್ಥೆಗೆ ಸೇರಿದ ಯಾವ ಕ್ಲಬ್ಬೂ ಹೆಂಗಸರಿಗೆ ಮೈದಾನ ಕೊಡಬಾರದು ಎಂದರು. ಫುಟ್‌ಬಾಲಿನಿಂದ ಹೆಂಗಸರ ಶರೀರಕ್ಕೆ ತೊಂದರೆ ಎಂದು ಕೆಲವು ಡಾಕ್ಟರರೂ ಹೇಳಿದರು.

ಇದನ್ನು ನಮ್ಮ ಆಯಿಗೆ ಹೇಳಿದೆ. ಆಕಿ ನಕ್ಕಳು. "ಎರಿ ಹೊಲದಾಗ ದಿನಾ ಬಗ್ಗಿ ಕಡ್ಲಿ ಕಿತ್ತೇವಿ, ಮ್ಯಾಲೆ ಹೊರಿ ಹೊತ್ತು ಮನಿಗೆ ಬಂದೇವಿ. ಆವಾಗ ಯಾವ ಡಾಕ್ಟರೂ ಬ್ಯಾಡ ಅನ್ನಲಿಲ್ಲವಾ" ಅಂದಳು. ಕಾರ್ಖಾನೆಯಲ್ಲಿ ಮದ್ದುಗುಂಡು ಮಾಡುವಾಗ ಆ ಹುಡುಗಿಯರ ಶರೀರದ ಚಿಂತೆ ಯಾರಿಗೂ ಬರಲಿಲ್ಲ. ಆಡುವಾಗ ಮಾತ್ರ ಬಂತು.

ಇಲ್ಲಿ ಒಂದು ಮಾತು ಗಮನಿಸಿರಿ. ಆಡಿದರೆ ಜೈಲಿಗೆ ಹಾಕುತ್ತೇವೆ ಎಂದು ಯಾರೂ ಹೇಳಲಿಲ್ಲ. ಮೈದಾನ ಕೊಡಬೇಡಿರಿ ಎಂದರು, ಅಷ್ಟೇ. ದೊಡ್ಡ ಮೈದಾನ ಇಲ್ಲ ಎಂದರೆ ಜನ ಕೂಡುವುದಿಲ್ಲ. ಜನ ಕೂಡದಿದ್ದರೆ ಹಣ ಇಲ್ಲ, ಹೆಸರಿಲ್ಲ. ಆಮೇಲೆ ಹೊಸ ಹುಡುಗಿಯರು ಕಲಿಯಲು ಬರುವುದಿಲ್ಲ. ಆಟ ತಾನೇ ಸೊರಗುತ್ತದೆ.

ಆದರೂ ಡಿಕ್ ಕೆರ್ ತಂಡ ಬಿಡಲಿಲ್ಲ. ಸಿಕ್ಕ ಬಯಲಿನಲ್ಲಿ ಆಡಿದರು. 1922ರಲ್ಲಿ ಹಡಗು ಹತ್ತಿ ಅಮೆರಿಕಾಕ್ಕೆ ಹೋಗಿ ಗಂಡಸರ ತಂಡಗಳ ಮೇಲೆ ಆಡಿದರು. ಕೆಲವು ಗೆದ್ದರು, ಕೆಲವು ಸೋತರು. ಕೊನೆಗೆ 1965ರಲ್ಲಿ ತಂಡ ಮುಚ್ಚಿತು. ನಿಷೇಧ ತೆಗೆದದ್ದು 1971ರಲ್ಲಿ. ಅಂದರೆ 50 ವರ್ಷಕ್ಕೆ ಮೈದಾನದ ಬಾಗಿಲು ತೆರೆಯಿತು, ಆದರೆ ಒಳಗೆ ಹೋಗಲು ಆ ತಂಡವೇ ಇರಲಿಲ್ಲ. ಲಿಲಿ ಪಾರ್ 1978ರಲ್ಲಿ ತೀರಿಕೊಂಡಳು. 2002ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ವಸ್ತು ಸಂಗ್ರಹಾಲಯದ ಗೌರವ ಪಟ್ಟಿಯಲ್ಲಿ ಆಕೆಯ ಹೆಸರು ಸೇರಿಸಿದರು. ಆ ಪಟ್ಟಿಯಲ್ಲಿ ಆಕೆಯೇ ಮೊದಲ ಮಹಿಳೆ. ಆದರೆ ಅದನ್ನು ನೋಡಲು ಆಕೆ ಇರಲಿಲ್ಲ.

ನಮ್ಮ ದೇಶದಲ್ಲಿ

ನಮ್ಮ ದೇಶದಲ್ಲಿ ಮಹಿಳಾ ಫುಟ್‌ಬಾಲ್ ಸಂಘ 1975ರಲ್ಲಿ ಆಯಿತು. 1980ರಲ್ಲಿ ಕೇರಳದ ಕೋಝಿಕೋಡ್‌ನಲ್ಲಿ ನಡೆದ ಏಷ್ಯಾ ಪಂದ್ಯಾವಳಿಯಲ್ಲಿ ನಮ್ಮ ಹೆಣ್ಣುಮಕ್ಕಳು ಎರಡನೇ ಸ್ಥಾನ ಪಡೆದರು. ನಮ್ಮ ಕರ್ನಾಟಕದ ತಂಡವೂ ಇದೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಂಬ ಮಹಿಳಾ ತಂಡ 2023ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಭಾರತೀಯ ಮಹಿಳಾ ಲೀಗಿನ ಫೈನಲ್ ಆಡಿತು. ಕೇರಳದ ಗೋಕುಲಂ ತಂಡದ ಮೇಲೆ 5–0ರಿಂದ ಸೋತಿತು. ಸೋತರೂ ದೇಶದಲ್ಲಿ ಎರಡನೆಯವರು! 2025ರ ಜುಲೈ 5ರಂದು ಭಾರತದ ಹೆಣ್ಣುಮಕ್ಕಳು ಥಾಯ್ಲೆಂಡ್ ದೇಶವನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆದರು. ಆದ್ದರಿಂದ ಇದು ಹುಡುಗಿಯರ ಆಟ ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದೆ.

ನನ್ನ ವಿನಂತಿ

ನಮ್ಮ ಶಾಲೆ ಏಳನೇ ತರಗತಿಗೆ ಮುಗಿಯುತ್ತದೆ. ಮುಂದಿನ ವರ್ಷ ನಾನು ಇಲ್ಲಿ ಇರುವುದಿಲ್ಲ. ನಮ್ಮ ಅಕ್ಕ ಇದೇ ಶಾಲೆಯಲ್ಲಿ ಓಟದಲ್ಲಿ ಮೊದಲ ಬಹುಮಾನ ತಗೊಂಡಿದ್ದಳು. ಹೈಸ್ಕೂಲಿಗೆ ಹೋದ ಮೇಲೆ "ದೊಡ್ಡಾಕಿ ಆದಿ, ಇನ್ನ ಸಾಕು" ಅಂದರು, ಬಿಟ್ಟಳು. ಹಾಗಾಗಿ ನನಗೆ ಇರುವುದು ಈ ವರ್ಷ ಮಾತ್ರ ಅನಿಸುತ್ತದೆ. ಹುಡುಗರು ಆಡುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ತಾಸು ಇಡೀ ಮೈದಾನ ಹುಡುಗಿಯರಿಗೆ ಬಿಟ್ಟುಕೊಡಬೇಕು ಎಂದು ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ. ನಾವು ಹೋದ ಮೇಲೂ ಐದನೇ, ಆರನೇ ತರಗತಿಯ ತಂಗಿಯರಿಗೆ ಅದು ಉಳಿಯಲಿ. ಹುಡುಗರು ಬೇಕಾದರೆ ಸೀಟಿ ಊದಲು ಬರಲಿ.

ಉತ್ತರಿಸಿರಿ

1. ಡಿಕ್ ಕೆರ್ ತಂಡ ಯಾವ ಊರಿನದು? ಅದು ಹುಟ್ಟಲು ಕಾರಣವೇನು?
2. 1921ರ ನಿರ್ಣಯದಿಂದ ಆಟ ಹೇಗೆ ಸೊರಗಿತು?
3. ಚಟುವಟಿಕೆ: ನಮ್ಮ ಶಾಲೆಯ ಮೈದಾನ ಎಷ್ಟು ಹೆಜ್ಜೆ ಉದ್ದ, ಎಷ್ಟು ಹೆಜ್ಜೆ ಅಗಲ ಇದೆ? ಅದರಲ್ಲಿ ಬಿಡುವಿನ ವೇಳೆ ಹುಡುಗಿಯರು ಆಡುವ ಜಾಗ ಎಷ್ಟು? ಅಳೆದು ಬರೆಯಿರಿ.

— 7ನೇ ತರಗತಿಯ ವಿದ್ಯಾರ್ಥಿನಿ