ಬಾಬೆಯ ಹೊಟ್ಟೆಯಲ್ಲಿ ಮೂರು ಸಣ್ಣ ತೂತುಗಳು



ಎಂಟನೇ ತರಗತಿಯ ಒಬ್ಬ ಹುಡುಗಿ ಒಂದು ವಾರ ಶಾಲೆಗೆ ಬಂದಿರಲಿಲ್ಲ. ಬಂದ ದಿನ ನೇರವಾಗಿ ನನ್ನ ಮೇಜಿನ ಹತ್ತಿರ ಬಂದು ಕೇಳಿದಳು: "ಟೀಚರೇ, ನಮ್ಮ ಬಾಬೆಗೆ ಮಂಗಳೂರಿನಲ್ಲಿ ಹೊಟ್ಟೆಯ ಆಪರೇಶನ್ ಆಯಿತು. ಆದರೆ ದೊಡ್ಡ ಗಾಯವೇ ಇಲ್ಲ, ಮೂರು ಸಣ್ಣ ಪಟ್ಟಿ ಮಾತ್ರ ಉಂಟು. ಹೊಟ್ಟೆ ಕೊಯ್ಯದೆ ಒಳಗಿನದ್ದು ಡಾಕ್ಟರಿಗೆ ಹೇಗೆ ಕಾಣುತ್ತದೆ? ಕೈ ಹೇಗೆ ಹೋಗುತ್ತದೆ?"

ಅವಳ ತಮ್ಮನಿಗೆ ಆಗ ಐದು ವಾರ ಪ್ರಾಯ. ಅವಳ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ನಿಮ್ಮ ಪಾಠಪುಸ್ತಕದ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಅದರಲ್ಲಿ ಸಿಗುತ್ತವೆ. ಬನ್ನಿ, ಒಂದೊಂದಾಗಿ ನೋಡೋಣ.

ಹಾಲು ಯಾಕೆ ಕೆಳಗೆ ಇಳಿಯಲಿಲ್ಲ?

ಕುಡಿದ ಹಾಲು ಅನ್ನನಾಳದ ಮೂಲಕ ಜಠರಕ್ಕೆ, ಅಲ್ಲಿಂದ ಸಣ್ಣಕರುಳಿಗೆ ಹೋಗುತ್ತದೆ ಎಂದು ನೀವು ಕಲಿತಿದ್ದೀರಿ. ಜಠರದ ಕೊನೆಯಲ್ಲಿ ಒಂದು ಬಾಗಿಲು ಇದೆ. ಅದರ ಹೆಸರು ಪೈಲೋರಸ್. ಅದು ಉಂಗುರದ ಹಾಗೆ ಸುತ್ತಿಕೊಂಡಿರುವ ಸ್ನಾಯು. ಕೆಲವು ಶಿಶುಗಳಲ್ಲಿ ಹುಟ್ಟಿದ ಕೆಲವು ವಾರಗಳಲ್ಲಿ ಈ ಸ್ನಾಯು ದಪ್ಪವಾಗುತ್ತಾ ಹೋಗಿ ದಾರಿ ಕಿರಿದಾಗುತ್ತದೆ. ಇದನ್ನು ಪೈಲೋರಿಕ್ ಸ್ಟೆನೋಸಿಸ್ ಎನ್ನುತ್ತಾರೆ. ಸಾಮಾನ್ಯವಾಗಿ ಎರಡರಿಂದ ಎಂಟು ವಾರಗಳ ಒಳಗೆ ಇದು ಕಾಣಿಸಿಕೊಳ್ಳುತ್ತದೆ. ಹೆಣ್ಣು ಶಿಶುಗಳಿಗಿಂತ ಗಂಡು ಶಿಶುಗಳಲ್ಲಿ ಸುಮಾರು ನಾಲ್ಕು ಪಟ್ಟು ಹೆಚ್ಚು.

ಬಾಗಿಲು ಮುಚ್ಚಿದರೆ ಹಾಲು ಎಲ್ಲಿಗೆ ಹೋಗಬೇಕು? ಜಠರ ಜೋರಾಗಿ ಹಿಂಡುತ್ತದೆ, ಹಾಲು ಚಿಮ್ಮಿ ಹೊರಗೆ ಬರುತ್ತದೆ. ವಾಂತಿ ಆದ ಕೂಡಲೇ ಮಗುವಿಗೆ ಪುನಃ ಹಸಿವು. ಕುಡಿಯುತ್ತದೆ, ಪುನಃ ವಾಂತಿ. ತೂಕ ಏರುವುದಿಲ್ಲ. ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿದಾಗ ಪೈಲೋರಸ್ಸಿನ ಸ್ನಾಯು 3 ಮಿ.ಮೀ.ಗಿಂತ ದಪ್ಪ ಇದೆಯೆಂದು ಕಂಡರೆ ರೋಗ ಗೊತ್ತಾಗುತ್ತದೆ.

ಮೊದಲು ಉಪ್ಪುನೀರು, ಆಮೇಲೆ ಆಪರೇಶನ್

ಇಲ್ಲಿ ಒಂದು ಆಶ್ಚರ್ಯ. ರೋಗ ಗೊತ್ತಾದ ಕೂಡಲೇ ಆಪರೇಶನ್ ಮಾಡುವುದಿಲ್ಲ! ಜಠರದಲ್ಲಿ ಇರುವುದು ಯಾವ ಆಮ್ಲ? ಹೌದು, ಹೈಡ್ರೋಕ್ಲೋರಿಕ್ ಆಮ್ಲ. ಪ್ರತಿ ವಾಂತಿಯಲ್ಲೂ ಮಗು ಹೈಡ್ರೋಜನ್ ಮತ್ತು ಕ್ಲೋರೈಡ್ ಅಯಾನುಗಳನ್ನು ಕಳೆದುಕೊಳ್ಳುತ್ತದೆ. ಆಮ್ಲ ಹೊರಗೆ ಹೋದಷ್ಟೂ ರಕ್ತ ಹೆಚ್ಚು ಪ್ರತ್ಯಾಮ್ಲೀಯವಾಗುತ್ತದೆ. ಅಂಥ ರಕ್ತವಿರುವ ಶಿಶುವಿನ ಉಸಿರಾಟ ನಿಧಾನವಾಗುತ್ತದೆ. ಅದೇ ಸ್ಥಿತಿಯಲ್ಲಿ ಅರಿವಳಿಕೆ ಕೊಟ್ಟರೆ ಉಸಿರು ನಿಂತುಹೋಗುವ ಅಪಾಯ ಇದೆ.

ಆದ್ದರಿಂದ ಮೊದಲು ರಕ್ತನಾಳದ ಮೂಲಕ ಸೋಡಿಯಂ ಕ್ಲೋರೈಡ್, ಪೊಟ್ಯಾಸಿಯಂ, ಗ್ಲೂಕೋಸ್ ಇರುವ ದ್ರವ ಕೊಟ್ಟು ರಕ್ತವನ್ನು ಸರಿಪಡಿಸುತ್ತಾರೆ. ಅದಕ್ಕೆ ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. "ಆಸ್ಪತ್ರೆಯಲ್ಲಿ ಎರಡು ದಿನ ಬರೇ ಗ್ಲೂಕೋಸ್ ಹಾಕಿ ಮಲಗಿಸಿದರು" ಎಂದು ಆ ಹುಡುಗಿಯ ಅಜ್ಜಿ ಬೇಸರ ಪಟ್ಟುಕೊಂಡಿದ್ದರಂತೆ. ನಿಜವಾಗಿ ಮಗುವಿನ ಜೀವ ಉಳಿಸುವ ಕೆಲಸ ಶುರುವಾದದ್ದೇ ಆ ಎರಡು ದಿನಗಳಲ್ಲಿ.

ಬೀಗದ ಕೈ ತೂತು

ಮಲಯಾಳ ಪತ್ರಿಕೆಗಳಲ್ಲಿ 'ತಾಕ್ಕೋಲ್‌ದ್ವಾರ ಶಸ್ತ್ರಕ್ರಿಯ' ಎಂಬ ಮಾತನ್ನು ನೀವು ನೋಡಿರಬಹುದು. ಅದೇ ಕೀಹೋಲ್ ಶಸ್ತ್ರಚಿಕಿತ್ಸೆ. ಬೀಗದ ಕೈ ಹಾಕುವ ತೂತಿನಷ್ಟು ಸಣ್ಣ ದಾರಿಯಿಂದ ಮಾಡುವ ಕೆಲಸ. ಹೊಟ್ಟೆಯೊಳಗೆ ಹೀಗೆ ಮಾಡಿದರೆ ಅದಕ್ಕೆ ವೈದ್ಯರು ಲ್ಯಾಪರೋಸ್ಕೋಪಿ ಎನ್ನುತ್ತಾರೆ.

ಮನುಷ್ಯನ ಹೊಟ್ಟೆಯೊಳಗೆ ಹೀಗೆ ಕೊಳವೆ ಇಟ್ಟು ನೋಡಿದ್ದನ್ನು 1910ರಲ್ಲಿ ಸ್ವೀಡನ್ನಿನ ಹ್ಯಾನ್ಸ್ ಕ್ರಿಶ್ಚಿಯನ್ ಯಾಕೋಬೇಯಸ್ ವರದಿ ಮಾಡಿದರು. ಆ ಕಾಲದಲ್ಲಿ ಬೆಳಕಿಗಾಗಿ ಕೊಳವೆಯ ತುದಿಯಲ್ಲೇ ಪುಟ್ಟ ಬಲ್ಬು ಇರುತ್ತಿತ್ತು. ಅದು ಬಿಸಿಯಾಗುತ್ತಿತ್ತು, ಬೆಳಕೂ ಸಾಲುತ್ತಿರಲಿಲ್ಲ. ಬಲ್ಬನ್ನು ಹೊರಗಿಟ್ಟು ಬೆಳಕನ್ನು ಮಾತ್ರ ಒಳಗೆ ಕಳಿಸಲು ಸಾಧ್ಯವಾದದ್ದು ಗಾಜಿನ ತಂತುಗಳಿಂದ. ತಂತುವಿನೊಳಗೆ ಹೊಕ್ಕ ಬೆಳಕು ಸಂಪೂರ್ಣ ಆಂತರಿಕ ಪ್ರತಿಫಲನ ಹೊಂದುತ್ತಾ ಇನ್ನೊಂದು ತುದಿಗೆ ತಲುಪುತ್ತದೆ. ಇಂಥ ತಂತುಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು 1954ರಲ್ಲಿ ಲಂಡನ್ನಿನಲ್ಲಿ ತೋರಿಸಿದವರು ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ.

ಹಾಪ್ಕಿನ್ಸ್ ಮುಂದೆ ಇನ್ನೊಂದು ಕೆಲಸ ಮಾಡಿದರು. ಕೊಳವೆಯೊಳಗೆ ಸಣ್ಣ ಮಸೂರಗಳನ್ನು ದೂರ ದೂರ ಇಡುವ ಬದಲು ಉದ್ದನೆಯ ಗಾಜಿನ ಸಲಾಕೆಗಳನ್ನೇ ಮಸೂರವಾಗಿ ಬಳಸಿದರು. ಇದರಿಂದ ತೆಳ್ಳಗಿನ ಕೊಳವೆಯಲ್ಲೂ ಪ್ರಕಾಶಮಾನವಾದ ಚಿತ್ರ ಸಿಕ್ಕಿತು. ಮಕ್ಕಳಿಗೆ ಇದೇ ಬೇಕಿದ್ದದ್ದು! 1971ರಲ್ಲಿ ಅಮೆರಿಕದ ಸ್ಟೀಫನ್ ಗ್ಯಾನ್ಸ್ ಮತ್ತು ಜಾರ್ಜ್ ಬರ್ಸಿ ಶಿಶುಗಳ ದೇಹದೊಳಗೆ ಇಂಥ ಕೊಳವೆಗಳಿಂದ ನೋಡುವ ಬಗ್ಗೆ ಬರೆದರು. ಈಗ ಕೊಳವೆಗೆ ಕ್ಯಾಮೆರಾ ಜೋಡಿಸುತ್ತಾರೆ. ಒಳಗಿನದ್ದೆಲ್ಲ ಟಿವಿ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ.

ಮಗು ಎಂದರೆ ಸಣ್ಣ ಗಾತ್ರದ ದೊಡ್ಡವರಲ್ಲ

ದೊಡ್ಡವರ ಉಪಕರಣಗಳನ್ನೇ ಸಣ್ಣದು ಮಾಡಿದರೆ ಸಾಕಲ್ಲವೇ ಎಂದು ನಿಮಗೆ ಅನಿಸಬಹುದು. ಸಾಲದು. ಮೂರು ಕಾರಣ ಹೇಳುತ್ತೇನೆ.

ಒಂದು, ಗಾಳಿಯ ಒತ್ತಡ. ಒಳಗೆ ಜಾಗ ಆಗಬೇಕಾದರೆ ಹೊಟ್ಟೆಯನ್ನು ಬಲೂನಿನ ಹಾಗೆ ಸ್ವಲ್ಪ ಉಬ್ಬಿಸಬೇಕು. ಅದಕ್ಕೆ ಬಳಸುವುದು ಕಾರ್ಬನ್ ಡೈಆಕ್ಸೈಡ್. ಅದು ಉರಿಯುವಿಕೆಗೆ ಸಹಾಯ ಮಾಡುವುದಿಲ್ಲ. ರಕ್ತ ನಿಲ್ಲಿಸಲು ವಿದ್ಯುತ್ ಉಪಕರಣ ಬಳಸುವಾಗ ಇದು ಮುಖ್ಯ. ಜೊತೆಗೆ ಅದು ರಕ್ತದಲ್ಲಿ ಬೇಗ ಕರಗಿ ಶ್ವಾಸಕೋಶದಿಂದ ಹೊರಗೆ ಹೋಗುತ್ತದೆ. ದೊಡ್ಡವರಲ್ಲಿ ಒತ್ತಡ ಸಾಮಾನ್ಯವಾಗಿ ಪಾದರಸದ 12ರಿಂದ 15 ಮಿ.ಮೀ. ಪುಟ್ಟ ಶಿಶುವಿನಲ್ಲಿ ಸುಮಾರು 8. ಯಾಕೆಂದರೆ ಶಿಶುಗಳು ಹೆಚ್ಚಾಗಿ ವಪೆಯ ಚಲನೆಯಿಂದಲೇ ಉಸಿರಾಡುತ್ತವೆ. ಹೊಟ್ಟೆ ಹೆಚ್ಚು ಉಬ್ಬಿದರೆ ವಪೆ ಮೇಲೆ ತಳ್ಳಲ್ಪಟ್ಟು ಶ್ವಾಸಕೋಶ ಅರಳುವುದಿಲ್ಲ.

ಎರಡು, ಶಾಖ. 10 ಸೆಂ.ಮೀ. ಬದಿಯ ಘನದ ಮೇಲ್ಮೈ 600 ಚದರ ಸೆಂ.ಮೀ., ಗಾತ್ರ 1000 ಘನ ಸೆಂ.ಮೀ. ಅಂದರೆ ಪ್ರತಿ ಘನ ಸೆಂ.ಮೀ.ಗೆ 0.6 ಚದರ ಸೆಂ.ಮೀ. ಮೇಲ್ಮೈ. 1 ಸೆಂ.ಮೀ. ಬದಿಯ ಘನಕ್ಕೆ ಅದು 6. ವಸ್ತು ಸಣ್ಣದಾದಷ್ಟೂ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. ಅದಕ್ಕೇ ದೊಡ್ಡ ಪಾತ್ರೆಯ ಚಹಾಕ್ಕಿಂತ ಗ್ಲಾಸಿಗೆ ಹೊಯ್ದ ಚಹಾ ಬೇಗ ತಣಿಯುತ್ತದೆ, ಅದಕ್ಕೇ ಶಿಶುವಿನ ಮೈಯೂ ಬೇಗ ತಣ್ಣಗಾಗುತ್ತದೆ. ಆಪರೇಶನ್ ಕೋಣೆಯಲ್ಲಿ ಮಗುವನ್ನು ಬೆಚ್ಚಗೆ ಇಡುವುದೇ ಒಂದು ಕೆಲಸ.

ಮೂರು, ರಕ್ತ. ಶಿಶುವಿನಲ್ಲಿ ಪ್ರತಿ ಕಿಲೋ ತೂಕಕ್ಕೆ ಸುಮಾರು 80 ಮಿ.ಲೀ. ರಕ್ತ. ಮೂರೂವರೆ ಕಿಲೋ ಮಗುವಿನ ಇಡೀ ದೇಹದಲ್ಲಿ 280 ಮಿ.ಲೀ., ಅಂದರೆ ಎರಡು ಸಣ್ಣ ಗ್ಲಾಸಿನಷ್ಟು! ನಾವು ಲೆಕ್ಕಕ್ಕೇ ತೆಗೆದುಕೊಳ್ಳದ 28 ಮಿ.ಲೀ. ರಕ್ತ ಹೋದರೆ ಮಗುವಿಗೆ ಹತ್ತರಲ್ಲಿ ಒಂದು ಪಾಲು ಹೋದಂತೆ.

ಒಳಗಿನ ಕೆಲಸ ಹಳೆಯದು, ಬಾಗಿಲು ಹೊಸದು

ಅರಿವಳಿಕೆ ಕೊಟ್ಟ ಮೇಲೆ ಹೊಕ್ಕುಳಿನ ಹತ್ತಿರ ಒಂದು ತೂತು ಮಾಡಿ ಕ್ಯಾಮೆರಾ ಇಳಿಸುತ್ತಾರೆ. ಮೇಲ್ಹೊಟ್ಟೆಯ ಎರಡು ಬದಿಗಳಲ್ಲಿ ಇನ್ನೆರಡು ತೂತು. ಅವುಗಳಿಂದ ಸುಮಾರು 3 ಮಿ.ಮೀ. ದಪ್ಪದ ಉಪಕರಣಗಳು ಹೋಗುತ್ತವೆ. ಒಂದು ಹಿಡಿಯಲು, ಇನ್ನೊಂದು ಕೊಯ್ಯಲು. ದಪ್ಪಗಾದ ಸ್ನಾಯುವನ್ನು ಉದ್ದಕ್ಕೆ ಸೀಳಿ, ಮೆಲ್ಲಗೆ ಬಿಡಿಸುತ್ತಾರೆ. ಒಳಗಿನ ತೆಳು ಪದರ ಮಾತ್ರ ಹರಿಯಬಾರದು. ಸ್ನಾಯು ಸಡಿಲವಾದ ಕೂಡಲೇ ದಾರಿ ತೆರೆಯುತ್ತದೆ. ಸೀಳಿದ ಸ್ನಾಯುವಿಗೆ ಹೊಲಿಗೆ ಹಾಕುವುದಿಲ್ಲ.

ಈ ಉಪಾಯ ಹೊಸತಲ್ಲ. 1912ರಲ್ಲಿ ಜರ್ಮನಿಯ ಕಾನ್ರಾಡ್ ರಾಮ್‌ಸ್ಟೆಟ್ ಇದನ್ನು ವಿವರಿಸಿದ್ದರು. ಅದಕ್ಕೂ ಮೊದಲು ಈ ರೋಗ ಬಂದ ಶಿಶುಗಳಲ್ಲಿ ಬಹಳ ಮಂದಿ ಸಾಯುತ್ತಿದ್ದರು. ಇದೇ ಸೀಳನ್ನು ಕೀಹೋಲ್ ಮೂಲಕ ಮಾಡಿದ್ದನ್ನು ಫ್ರಾನ್ಸಿನ ವೈದ್ಯರು 1991ರಲ್ಲಿ ಪ್ರಕಟಿಸಿದರು. ಮಕ್ಕಳ ಜೀವ ಉಳಿಸಿದ್ದು ರಾಮ್‌ಸ್ಟೆಟ್‌ರ ಸೀಳು. ಕೀಹೋಲ್ ಬದಲಿಸಿದ್ದು ಒಳಗೆ ಹೋಗುವ ಬಾಗಿಲನ್ನು.

ಹೊಸತೆಲ್ಲ ಒಳ್ಳೆಯದೇ?

ವಿಜ್ಞಾನದಲ್ಲಿ "ನೋಡಲು ಚೆನ್ನಾಗಿದೆ" ಎಂದರೆ ಸಾಲದು, ಪರೀಕ್ಷಿಸಬೇಕು. ಈ ರೋಗವಿದ್ದ 180 ಶಿಶುಗಳ ಮೇಲೆ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಒಂದು ಅಧ್ಯಯನ 2009ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಯಾವ ಮಗುವಿಗೆ ಯಾವ ವಿಧಾನ ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದರು. ಆಪರೇಶನ್ ಆದ ಮೇಲೆ ಎಲ್ಲ ಮಕ್ಕಳ ಹೊಟ್ಟೆಗೂ ಒಂದೇ ರೀತಿಯ ಪಟ್ಟಿ ಹಾಕಿದರು. ಒಳಗೆ ದೊಡ್ಡ ಗಾಯ ಇದೆಯೋ ಸಣ್ಣ ತೂತುಗಳಿವೆಯೋ ಎಂಬುದು ತಂದೆತಾಯಿಗೂ ಗೊತ್ತಿಲ್ಲ, ನೋಡಿಕೊಳ್ಳುವ ನರ್ಸ್‌ಗಳಿಗೂ ಗೊತ್ತಿಲ್ಲ!

ಫಲಿತಾಂಶ? ತೆರೆದ ಆಪರೇಶನ್ ಆದ ಮಕ್ಕಳು ಪೂರ್ತಿ ಪ್ರಮಾಣದ ಹಾಲು ಕುಡಿಯಲು ಸುಮಾರು 24 ಗಂಟೆ ಬೇಕಾಯಿತು, ಕೀಹೋಲ್ ಆದವರಿಗೆ ಸುಮಾರು 18.5 ಗಂಟೆ. ಮನೆಗೂ ಸ್ವಲ್ಪ ಬೇಗ ಹೋದರು. ತೊಂದರೆಗಳು ಎರಡರಲ್ಲೂ ಹೆಚ್ಚುಕಡಿಮೆ ಸಮ. ಅಂದರೆ ಲಾಭ ಇದೆ, ಆದರೆ ಅದು ಪವಾಡವಲ್ಲ. ತೆರೆದ ಆಪರೇಶನ್ ಕೂಡ ಒಳ್ಳೆಯದೇ. ಕೀಹೋಲ್‌ನಲ್ಲಿ ಶುರು ಮಾಡಿ, ಸರಿಯಾಗಿ ಕಾಣದಿದ್ದರೆ ವೈದ್ಯರು ಹೊಟ್ಟೆ ತೆರೆಯುವುದೂ ಉಂಟು. ಅದು ಸೋಲಲ್ಲ, ವಿವೇಕ.

ಮಾಡಿ ನೋಡಿ

1. ಮುಚ್ಚಳವಿರುವ ಚಪ್ಪಲಿ ಪೆಟ್ಟಿಗೆಯ ಬದಿಯಲ್ಲಿ ಎರಡು ತೂತು ಮಾಡಿ. ಪ್ರತಿ ತೂತಿನಿಂದ ಒಂದು ಪೆನ್ಸಿಲ್ ತೂರಿಸಿ. ಮೇಲೆ ಸ್ವಲ್ಪ ತೆರೆದು ನೋಡುತ್ತಾ ಒಳಗಿನ ನೆಲಗಡಲೆಯನ್ನು ಎರಡೂ ಪೆನ್ಸಿಲುಗಳಿಂದ ಎತ್ತಿ. ಕೈ ಬಲಕ್ಕೆ ಹೋದರೆ ತುದಿ ಎಡಕ್ಕೆ ಹೋಗುತ್ತದೆ! ತೂತೇ ಸನ್ನೆಯ ಆಧಾರ ಬಿಂದು. ಸರ್ಜನ್ ಈ ತಿರುಗುಮುರುಗು ಚಲನೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿರುತ್ತಾರೆ.

2. ಎತ್ತರದ ಪಾತ್ರೆಯಲ್ಲಿ ನೀರು ತುಂಬಿಸಿ, ಸ್ಟ್ರಾದ ತುದಿಯನ್ನು 11 ಸೆಂ.ಮೀ. ಆಳಕ್ಕೆ ಇಳಿಸಿ ಊದಿ. ಮೊದಲ ಗುಳ್ಳೆ ಬರುವಾಗ ನೀವು ಹಾಕಿದ ಒತ್ತಡ ಪಾದರಸದ ಸುಮಾರು 8 ಮಿ.ಮೀ. ಬಾಬೆಯ ಹೊಟ್ಟೆಯಲ್ಲಿ ಇದ್ದದ್ದು ಅಷ್ಟೇ.

ಮನೆಯಲ್ಲಿ ನೆನಪಿಡಿ

ಹಾಲು ಕುಡಿದ ಮೇಲೆ ಶಿಶು ಸ್ವಲ್ಪ ಕಕ್ಕುವುದು ಸಹಜ. ಆದರೆ ಪ್ರತಿ ಸಲ ಚಿಮ್ಮಿ ವಾಂತಿಯಾದರೆ, ತೂಕ ಏರದಿದ್ದರೆ, ಮೂತ್ರ ಕಡಿಮೆಯಾದರೆ, ನೆತ್ತಿ ಗುಳಿ ಬಿದ್ದರೆ ವೈದ್ಯರಿಗೆ ತೋರಿಸಬೇಕು. ವಾಂತಿ ಹಸಿರು ಬಣ್ಣದ್ದಾದರೆ ಅದು ಬೇರೆಯೇ ಅಪಾಯದ ಸೂಚನೆ, ಕರುಳು ತಿರುಚಿಕೊಂಡಿರಬಹುದು. ಆಗ ಒಂದು ಗಂಟೆಯೂ ಕಾಯಬಾರದು.

ಆ ಹುಡುಗಿಯ ಮನೆಯಲ್ಲಿ ಮೊದಲ ನಾಲ್ಕು ದಿನ ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸು ನಿವಾಳಿಸಿದರು. ಅಜ್ಜಿಯದು ಪ್ರೀತಿಯೇ, ಅದರಲ್ಲಿ ತಪ್ಪು ಹುಡುಕುವುದು ಬೇಡ. ಆದರೆ ಆ ನಾಲ್ಕು ದಿನಗಳಲ್ಲಿ ಮಗುವಿನ ರಕ್ತದಿಂದ ಉಪ್ಪು ಸೋರುತ್ತಲೇ ಇತ್ತು. ನಿಮ್ಮ ಮನೆಯಲ್ಲಿ ಹೀಗಾದರೆ, "ಅಜ್ಜೀ, ದೃಷ್ಟಿ ತೆಗೆಯಿರಿ, ಆದರೆ ಇವತ್ತೇ ಡಾಕ್ಟರ ಹತ್ತಿರವೂ ಹೋಗುವ" ಎಂದು ಹೇಳಲು ಈ ಪಾಠ ನಿಮಗೆ ಧೈರ್ಯ ಕೊಡಲಿ.

ಯೋಚಿಸಿ ಉತ್ತರಿಸಿ

1. ಪಿತ್ತರಸ ಬಂದು ಸೇರುವುದು ಪೈಲೋರಸ್ ದಾಟಿದ ಮೇಲೆ. ಹಾಗಾದರೆ ಈ ರೋಗದಲ್ಲಿ ವಾಂತಿ ಹಸಿರಾಗಿರದೆ ಬಿಳಿಯಾಗಿರುವುದು ಯಾಕೆ?
2. ಹೊಟ್ಟೆ ಉಬ್ಬಿಸಲು ಆಮ್ಲಜನಕ ಬಳಸಿದರೆ ಏನು ಅಪಾಯ?
3. 2 ಸೆಂ.ಮೀ. ಮತ್ತು 4 ಸೆಂ.ಮೀ. ಬದಿಯ ಘನಗಳಲ್ಲಿ ಮೇಲ್ಮೈ ಮತ್ತು ಗಾತ್ರದ ಅನುಪಾತ ಲೆಕ್ಕ ಹಾಕಿ. ಯಾವುದು ಬೇಗ ತಣಿಯುತ್ತದೆ?
4. ಅಧ್ಯಯನದಲ್ಲಿ ಎಲ್ಲ ಮಕ್ಕಳಿಗೂ ಒಂದೇ ರೀತಿಯ ಪಟ್ಟಿ ಹಾಕದೆ ಇದ್ದಿದ್ದರೆ ಫಲಿತಾಂಶವನ್ನು ನಂಬಬಹುದಿತ್ತೇ?

ಉತ್ತರಗಳನ್ನು ಬರೆದು ನಿಮ್ಮ ವಿಜ್ಞಾನ ಟೀಚರಿಗೆ ತೋರಿಸಿ. ಅಂದ ಹಾಗೆ, ಆ ಬಾಬೆ ಈಗ ಮನೆಯಿಡೀ ಅಂಬೆಗಾಲಿಕ್ಕುತ್ತಿದ್ದಾನೆ. ಹೊಟ್ಟೆಯ ಮೇಲಿನ ಗುರುತನ್ನು ಹುಡುಕಿದರೂ ಸಿಗುವುದು ಕಷ್ಟ ಎಂದು ಅಕ್ಕ ಹೇಳುತ್ತಾಳೆ.